ಮುಳುಗಿದರೂ ಓದಿಸುವ ಯಂತ್ರ

ಇ-ಪುಸ್ತಕ ಓದುವ ಸಾಧನವನ್ನು ಕೊಳ್ಳಹೊರಟ ವಿಜಯಪುರದ ಓದುಗನು ಮೊದಲು ವಿವರಪಟ್ಟಿಯನ್ನು ಭಕ್ತಿಯಿಂದ ಪಾರಾಯಣ ಮಾಡತಕ್ಕದ್ದು. ಅಮೆಜಾನ್ ಕಂಪನಿಯ ಇಂಥ ಸಾಧನವಾದ ಕಿಂಡಲ್‌ನ ಬ್ಯಾಟರಿ ವಾರಗಟ್ಟಲೆ ಬರುತ್ತದೆಂದು ಅದರಲ್ಲಿ ದಪ್ಪಕ್ಷರದಲ್ಲಿರುತ್ತದೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಓದಿ, ವೈರ್‌ಲೆಸ್ ಆರಿಸಿ, ಪರದೆಯ ದೀಪವನ್ನು 13ನೇ ಮಟ್ಟದಲ್ಲಿಟ್ಟರೆ ಎಂಬ ಷರತ್ತು ಸಣ್ಣಕ್ಷರದಲ್ಲಿರುತ್ತದೆ. ಓದು ಕಡಿಮೆಯಾದಷ್ಟೂ ಸಾಧನದ ಕೀರ್ತಿ ಹೆಚ್ಚುವುದಾದರೆ, ಬೀಗ ಜಡಿದ ಗಾಜಿನ ಕಪಾಟಿನ ಪುಸ್ತಕಗಳಿಗಿಂತ ಉತ್ತಮ ಬ್ಯಾಟರಿ ಬೇರೆಲ್ಲಿದೆ?

ಕಾಗದದಂತೆ ಹೊರಬೆಳಕಿನಲ್ಲೇ ಕಾಣುವ ಇ-ಇಂಕ್ ಪರದೆಯ ಬಗ್ಗೆ ಮಾತ್ರ ತಕರಾರಿಲ್ಲ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಮೊಬೈಲ್ ಕನ್ನಡಿಯಾಗುವ ಹೊತ್ತಿನಲ್ಲೂ ಅದರ ಅಕ್ಷರ ಕಾಗದದ ಮೇಲಿನಂತೆಯೇ ಕಾಣುತ್ತದೆ, ಇಂಚಿಗೆ 300 ಚುಕ್ಕೆಗಳ ಪರದೆಯಾದರಂತೂ ಒತ್ತಕ್ಷರವೂ ಮಸುಕಾಗುವುದಿಲ್ಲ. ಕನ್ನಡದ ಒತ್ತು ತನ್ನ ಜಾಗದಲ್ಲೇ ಕೂರುತ್ತದೆಯೇ ಎಂಬ ಪ್ರಶ್ನೆಗೆ ವಿವರಪಟ್ಟಿಯಲ್ಲಿ ಸಾಲಿಲ್ಲ. ಅಂಥ ಕ್ಷುಲ್ಲಕ ವಿಷಯಗಳಿಗೆ ಅಲ್ಲಿ ಸ್ಥಳಾಭಾವ.

ಬಲಗೈಯಲ್ಲಿ ಮಿರ್ಚಿ ಭಜಿ ಹಿಡಿದವನು ಎಡಗೈಯ ಹೆಬ್ಬೆರಳಿನಿಂದಲೇ ಪುಟ ತಿರುಗಿಸಬಹುದಾದ ಗುಂಡಿಗಳು 2007ರ ಮೊದಲ ಕಿಂಡಲ್‌ನಲ್ಲೇ ಇದ್ದವು. ಅವು ತೀರಾ ಉಪಯುಕ್ತವೆಂದು ಕಂಡದ್ದರಿಂದಲೋ ಏನೋ, ಮೊದಲು ದುಬಾರಿ ಒಯಾಸಿಸ್ ಮಾದರಿಗಷ್ಟೇ ಮೀಸಲಾದವು. 2024ರಲ್ಲಿ ಆ ಮಾದರಿಯೇ ನಿಂತಿತು. ಈಗ ಎಣ್ಣೆಗೈಯನ್ನು ಪರದೆಯ ಮೇಲೆಯೇ ಎಳೆಯಬೇಕು. ಗಾಬರಿ ಬೇಡ, ತೊಳೆದುಕೊಳ್ಳಬಹುದು: ಪೇಪರ್‌ವೈಟ್ ಎಂಬ ಕಿಂಡಲ್ ಮಾದರಿಗೆ ಐಪಿಎಕ್ಸ್8 ಎಂಬ ಜಲನಿರೋಧಕ ಬಿರುದಿದ್ದು, 2 ಮೀಟರ್ ಆಳದ ಸಿಹಿನೀರಿನಲ್ಲಿ 60 ನಿಮಿಷ ಬಿದ್ದಿದ್ದರೂ ಅದಕ್ಕೆ ಏನೂ ಆಗುವುದಿಲ್ಲ. ಉಪ್ಪುನೀರಿನ ವಿಷಯದಲ್ಲಿ ಕಂಪನಿ ಕೈ ಬಿಗಿಹಿಡಿದು, ಕಾಲು ಮೀಟರ್ ಆಳ ಮತ್ತು 3 ನಿಮಿಷವನ್ನಷ್ಟೇ ಮಂಜೂರು ಮಾಡಿದೆ. ಗೋವಾಕ್ಕೆ ಹೋಗುವವರು ಅಷ್ಟರೊಳಗೆ ಅಧ್ಯಾಯ ಮುಗಿಸಿಕೊಳ್ಳಲಿ.

ನಳದ ನೀರಿಗೆ ಸರದಿ ಕಾದು ಕೊಡ ತುಂಬಿಕೊಳ್ಳುವ ನಾವು 2 ಮೀಟರ್ ನೀರನ್ನು ಎಲ್ಲಿಂದ ತರೋಣ? ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ನಮ್ಮೂರಿನ ತಾಜ್ ಬಾವಡಿ ಎಂಬ ಬಾವಿಯನ್ನು ಅಷ್ಟು ವಿಶಾಲವಾಗಿ ಕಟ್ಟಿಸಿದ್ದರ ಹಿಂದಿನ ದೂರದೃಷ್ಟಿ ಈಗ ಅರ್ಥವಾಗುತ್ತದೆ. ಆದರೆ ನೀರಿನೊಳಗೆ ಸ್ಪರ್ಶಪರದೆಗೆ ಬೆರಳು ಯಾವುದು, ನೀರು ಯಾವುದು ಎಂಬುದು ತಿಳಿಯುವುದಿಲ್ಲ. ಅಲ್ಲಿ ನೆಚ್ಚಿಕೊಳ್ಳಬಹುದಾದದ್ದು ಗುಂಡಿಗಳನ್ನು ಮಾತ್ರ, ಅವನ್ನೋ ತೆಗೆದಾಗಿದೆ. ಆದಕಾರಣ ಬಾವಡಿಗಿಳಿದ ಓದುಗನು ಉಸಿರು ಬಿಗಿಹಿಡಿದು, 60 ನಿಮಿಷವೂ ಒಂದೇ ಪುಟವನ್ನು ಓದತಕ್ಕದ್ದು.