ರೇಡಿಯೇಟರ್‌ಗೆ ಅರಿಶಿನ ಹಾಕಿದರೆ ಸೋರಿಕೆ ಶಾಶ್ವತವಾಗಿ ನಿಲ್ಲುತ್ತಾ?

"ಹಳೆ ಕಾರಿನ ರೇಡಿಯೇಟರ್ ಸೋರುತ್ತಿದ್ದರೆ, ಎಂಜಿನ್ ಬಿಸಿ ಇರುವಾಗಲೇ ಎರಡು ಚಮಚ ಅರಿಶಿನ ಹಾಕಿ. ಸೋರಿಕೆ ಶಾಶ್ವತವಾಗಿ ನಿಲ್ಲುತ್ತದೆ." ವಾಟ್ಸಾಪ್‌ನಲ್ಲಿ ಓಡಾಡುವ ಮಾತಿದು. ಅರ್ಧ ನಿಜ, ಅರ್ಧ ಅಪಾಯ.

ಸೂಜಿಮೊನೆಯಷ್ಟು ತೂತಿದ್ದರೆ ಪುಡಿ ಸಿಕ್ಕಿಕೊಂಡು ಗ್ಯಾರೇಜ್ ಮುಟ್ಟುವವರೆಗೆ ತಡೆಯಬಹುದು. ಶಾಶ್ವತ ಅನ್ನುವುದು ಸುಳ್ಳು. ಅರಿಶಿನಕ್ಕೆ ತೂತು ಯಾವುದು, ರೇಡಿಯೇಟರ್‌ನ ಸಣ್ಣ ಕೊಳವೆ ಯಾವುದು ಅಂತ ಗೊತ್ತಾಗುತ್ತಾ? ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್, ಅಂದರೆ ಹೀಟರ್ ಕೋರ್‌ನಲ್ಲೂ ಕೂರುತ್ತದೆ. ಸೋರಿಕೆ ನಿಂತರೂ ಕೊಳವೆ ಕಟ್ಟಿಕೊಂಡು ಎಂಜಿನ್ ಕಾಯತೊಡಗಬಹುದು. ಇನ್ನು ಬಿಸಿ ಎಂಜಿನ್‌ನ ಕ್ಯಾಪ್ ತೆಗೆದರೆ ಕುದಿಯುವ ಕೂಲಂಟ್ (ಎಂಜಿನ್ ತಣಿಸುವ ದ್ರವ) ಮುಖಕ್ಕೇ ಚಿಮ್ಮುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಮುಟ್ಟಲೇಬೇಡಿ.

ಅಷ್ಟಕ್ಕೂ ಸೋರುತ್ತಿರುವುದು ರೇಡಿಯೇಟರೇ ಅಂತ ಹೇಗೆ ಗೊತ್ತು? ಹಳೆ ಕಾರುಗಳಲ್ಲಿ ಬಿರುಕು ಬಿಟ್ಟ ಹೋಸ್, ಸಡಿಲಾದ ಕ್ಲ್ಯಾಂಪ್ ಇರುವುದೇ ಜಾಸ್ತಿ. ಜೋಡಣೆಯ ಸುತ್ತ ಹಸಿರು ಅಥವಾ ಬಿಳಿ ಕಲೆ ಒಣಗಿ ಕೂತಿರುತ್ತದೆ, ನೋಡಿ. ವಾಟರ್ ಪಂಪ್‌ನ ಸೀಲ್ ಹೋದರೆ ಪಂಪ್‌ನಲ್ಲಿರುವ ಸಣ್ಣ ರಂಧ್ರದಿಂದ ತೊಟ್ಟಿಕ್ಕುತ್ತದೆ. ಕಾರಿನೊಳಗೆ ಮುಂದಿನ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಮೇಲೆ ಅನುಮಾನ. (ಎಸಿ ಹಾಕಿದಾಗ ಕೆಳಗೆ ಬೀಳುವ ಬಣ್ಣವಿಲ್ಲದ ನೀರಿಗೆ ಸುಮ್ನೆ ಗಾಬರಿಯಾಗಬೇಡಿ.) ಹೊರಗೆ ಒಂದು ಹನಿಯೂ ಇಲ್ಲದೆ ಕೂಲಂಟ್ ಇಳಿಯುತ್ತಾ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರಬಹುದು. ಆಗ ಕಾರು ಓಡಿಸಬೇಡಿ.

ಕಣ್ಣಿಗೆ ಕಾಣದಿದ್ದರೆ ಗ್ಯಾರೇಜ್‌ನಲ್ಲಿ ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ಸೋರಿಕೆ ಹುಡುಕುವ ಪರೀಕ್ಷೆ) ಮಾಡಿಸಿ. ಈಗಾಗಲೇ ಅರಿಶಿನ ಹಾಕಿದ್ದೀರಾ? ಮೆಕ್ಯಾನಿಕ್‌ಗೆ ಹೇಳಿಬಿಡಿ, ಫ್ಲಷ್ ಮಾಡಿಸಿ, ಅಂದರೆ ಒಳಗೆಲ್ಲ ತೊಳೆಸಿ, ಹೊಸ ಕೂಲಂಟ್ ತುಂಬಿಸಿ.