ಮುಖ ನೋಡಿ ಸರಿ ತಿನ್ನಿಸಿದರೆ

ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಸರಿ ಶುರು ಮಾಡಿ ಅನ್ನುವ ಡಾಕ್ಟರು, ಇಸ್ತ್ರಿ ಮಾಡಿದ ಆಫೀಸ್ ಅಂಗಿ ಹಾಕಿಕೊಂಡು ಎದುರಿಗೆ ಕೂರಬೇಡಿ ಅಂತ ಮಾತ್ರ ಹೇಳುವುದಿಲ್ಲ. ಪುಟ್ಟಿ ಮೊದಲ ಚಮಚವನ್ನು ನಾಲಿಗೆಯಿಂದಲೇ ಹೊರಗೆ ತಳ್ಳಿದಳು, ಮೂಗು ಸೊಟ್ಟ ಮಾಡಿದಳು, ಆಮೇಲೆ ಒಂದು 'ಬುರ್ರ್'. ಕೊರಳಲ್ಲಿದ್ದ ಐಡಿ ಕಾರ್ಡಿನ ನನ್ನ ಫೋಟೋಗೆ ಗಡ್ಡ ಬಂತು.

ಕೂಡಲೇ ಪಂಚಾಯಿತಿ ಸೇರಿತು. "ಮಗೂಗೆ ಸೇರ್ಲಿಲ್ಲ ಕಣೋ, ಚೂರು ಬೆಲ್ಲ ಹಾಕು" ಅಂದರು ಅಮ್ಮ. ಅತ್ತೆ ವೀಡಿಯೊ ಕಾಲ್‌ನಲ್ಲೇ ದೃಷ್ಟಿ ತೆಗೆದರು. ಪಕ್ಕದ ಮನೆಯವರು ಜೇನುತುಪ್ಪ ಹಿಡಿದು ಬಂದರು. ವರ್ಷ ತುಂಬುವ ತನಕ ಜೇನು ಕೂಡದು, ಬಾಟುಲಿಸಂ ಅನ್ನುವ ವಿಷಬಾಧೆ ಆಗಬಹುದು ಎಂದು ನನ್ನ ಹೆಂಡತಿ ಹೇಳಿದ್ದಕ್ಕೆ ಇನ್ನೂ ಮುನಿಸಿಕೊಂಡಿದ್ದಾರೆ.

ಅಸಲಿಗೆ, ನಾಲಿಗೆ ತಳ್ಳಿದ್ದು ಸಿಟ್ಟಿಗಲ್ಲ. ಬರೀ ಹಾಲು ಚೀಪಿ ಗೊತ್ತಿರುವ ಎಳೆಗೂಸಿನ ನಾಲಿಗೆ, ಗಟ್ಟಿ ಏನು ಬಂದರೂ ಮೊದಮೊದಲು ಹೊರಗೇ ನೂಕುತ್ತದೆ. ಸಿಹಿ ಹುಟ್ಟಿನಿಂದಲೇ ಇಷ್ಟ, ಕಹಿಯನ್ನು ಒಲಿಸಿಕೊಳ್ಳಬೇಕು. ಇನ್ನು ಮುಖದ ಮಾತು: ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೂಸುಗಳಿಗೆ 8 ದಿನ ನುಣ್ಣಗೆ ಅರೆದ ಬೀನ್ಸ್ ತಿನ್ನಿಸಿದರು. ಬರೀ ಬೀನ್ಸ್ ತಿಂದ ಕೂಸುಗಳು ಕೊನೆಗೂ ಮುಖ ಹಿಂಡುತ್ತಲೇ ಇದ್ದವು, ಆದರೆ ಮೊದಲಿಗಿಂತ ಜಾಸ್ತಿ ತಿಂದವು! ನಾವೋ, ಮುಖ ನೋಡಿ ಮಣೆ ಹಾಕುವ ಜನ. ಹುಬ್ಬು ಗಂಟಿಕ್ಕಿದ ಕೂಡಲೇ ಬಟ್ಟಲು ಎತ್ತಿಡುತ್ತೇವೆ.

ಬೆಳ್ಳುಳ್ಳಿ ಒಗ್ಗರಣೆಯ ಬೇಳೆಕಟ್ಟಿಗೆ ಮಾತ್ರ ಪುಟ್ಟಿ ತಕರಾರೇ ಎತ್ತಲಿಲ್ಲ. ಬೆಳ್ಳುಳ್ಳಿಯ ವಾಸನೆ ಗರ್ಭದ ನೀರಿಗೂ ಎದೆಹಾಲಿಗೂ ಇಳಿಯುತ್ತದಂತೆ. ಬಾಣಂತನದಲ್ಲಿ ಅತ್ತೆ ತಮ್ಮ ಮಗಳಿಗೆ ತಿನ್ನಿಸಿದ ಬೆಳ್ಳುಳ್ಳಿಯ ಲೆಕ್ಕ ನೋಡಿದರೆ, ಪುಟ್ಟಿಗೆ ಅದು ಹಳೇ ಪರಿಚಯ. ಹವಾಯಿ ಚಪ್ಪಲಿಯ ಬಾರು, ಪೇಪರಿನ ಕ್ರೀಡಾಪುಟ ಇವುಗಳಿಗೂ ಆಕ್ಷೇಪವಿಲ್ಲ. ಅವುಗಳ ಪರಿಚಯ ಎಲ್ಲಾಯಿತೋ!

ದಿನಾ ಒಂದೆರಡು ಚಮಚ, ಒತ್ತಾಯವಿಲ್ಲದೆ, ಅನ್ನುತ್ತಾ ರಾಗಿ ಸರಿಯೂ ಒಳಗೆ ಹೋಗತೊಡಗಿತು. ಮುಖ ಮಾತ್ರ ಕಷಾಯ ಕುಡಿದದ್ದೇ.

ಹೆಂಡತಿಯೂ ಆ ಬೀನ್ಸಿನ ಕಥೆ ಓದಿದ್ದು ನನ್ನ ಗ್ರಹಚಾರ. ಹಾಗಲಕಾಯಿ ಗೊಜ್ಜಿನ ದಿನ ಅಮ್ಮ ನನಗೆಂದೇ ಬೇರೆ ತಿಳಿಸಾರು ಮಾಡುತ್ತಿದ್ದರು. ಆ ಸೌಲಭ್ಯ ರದ್ದಾಗಿದೆ. ಈಗ ತಟ್ಟೆಯ ಮೂಲೆಗೆ ದಿನಾ ಒಂದು ಚಮಚ ಗೊಜ್ಜು ಬೀಳುತ್ತದೆ.

"ಎಂಟು ದಿನ ಯಾವತ್ತೋ ಮುಗೀತಲ್ಲೇ!" ಅಂದೆ.

"ಅದು ಮಕ್ಕಳಿಗೆ ರೀ. ಗಂಡಂದಿರಿಗೆ ಎಷ್ಟು ದಿನ ಅಂತ ಅದರಲ್ಲಿ ಬರೆದಿಲ್ಲ."