ನೋಡದೇ ಕೊಟ್ಟ ಒಂದು ಸ್ಟಾರ್

ಸಿನಿಮಾ ಅಭಿಮಾನಿಗಳು ಕಿತ್ತಾಡುವುದರ ಮೇಲೇ ಯಾರಾದರೂ ಸಣ್ಣ ದುಡ್ಡಿನಲ್ಲಿ ಒಂದು ಸಿನಿಮಾ ಮಾಡಿದರು ಅಂದರೆ, ಮುಂದಿನದು ನಿಮಗೂ ಗೊತ್ತಿರುವ ಕಥೆಯೇ. ಟ್ರೇಲರ್ ಬರುತ್ತದೆ. ಅದರಲ್ಲಿ ನಾಲ್ಕು ಜನ ಒಂದು ರೂಮಿನಲ್ಲಿ ಕೂತು, ಹೀರೋ ಪಾತ್ರವನ್ನು ಹೆಂಗಸಿಗೆ ಕೊಡಬಹುದಾ, ಕಪ್ಪು ಬಣ್ಣದವನಿಗೆ ಕೊಡಬಹುದಾ, ಅವನು ಇನ್ನೊಬ್ಬ ಗಂಡಸನ್ನೇ ಪ್ರೀತಿಸಿದರೆ ಏನು ಗತಿ ಅಂತ ಕೂಗಾಡುತ್ತಾರೆ. ಸಿನಿಮಾ ಇನ್ನೂ ಎಡಿಟಿಂಗ್ ರೂಮಿನಲ್ಲೇ ಇರುತ್ತದೆ. ಟ್ರೇಲರಿನ ಕೆಳಗೆ ಜಗಳ ಮಾತ್ರ ಹೌಸ್‌ಫುಲ್. ಒಂದು ಗುಂಪಿಗೆ ಇದು ತಮ್ಮನ್ನು ಅವಮಾನ ಮಾಡಲೆಂದೇ ತೆಗೆದ ಸಿನಿಮಾ. ಇನ್ನೊಂದು ಗುಂಪಿಗೂ ಅಷ್ಟೇ. ಇಬ್ಬರೂ ಒಪ್ಪುವ ವಿಷಯ ಒಂದೇ ಒಂದು: ಇದನ್ನು ನೋಡುವ ಅಗತ್ಯವೇ ಇಲ್ಲ.

ನನಗಂತೂ ಇವರ ಮೇಲೆ ಅಪಾರ ಗೌರವ. ಎರಡು ನಿಮಿಷದ ಟ್ರೇಲರ್ ನೋಡಿ ಒಂದೂವರೆ ಗಂಟೆಯ ಸಿನಿಮಾಗೆ ತೀರ್ಪು ಬರೆಯುವುದು ಸುಮ್ನೆ ಮಾತಲ್ಲ. ಭವಿಷ್ಯ ಹೇಳುವವರಿಗೂ ಹುಟ್ಟಿದ ಗಳಿಗೆ ಬೇಕು. ಇವರಿಗೆ ಪೋಸ್ಟರ್ ಸಾಕು. ಇಂಥ ದಿವ್ಯದೃಷ್ಟಿಗೂ ಅಡ್ಡಗಾಲು ಹಾಕುವವರಿದ್ದಾರೆ ನೋಡಿ. 2019ರ ಫೆಬ್ರವರಿಯಲ್ಲಿ ಸಿನಿಮಾಗಳ ವಿಮರ್ಶೆ, ಅಂಕ ಕೂಡಿಹಾಕುವ ವೆಬ್‌ಸೈಟ್ ರಾಟನ್ ಟೊಮ್ಯಾಟೋಸ್‌ನವರು, ಸಿನಿಮಾ ಬಿಡುಗಡೆಯಾಗುವ ಮೊದಲೇ ಜನ ಕಾಮೆಂಟ್ ಹಾಕುವುದನ್ನು ನಿಲ್ಲಿಸಿಬಿಟ್ಟರು. ಹೆಣ್ಣೇ ಸೂಪರ್‌ಹೀರೋ ಆಗಿದ್ದ 'ಕ್ಯಾಪ್ಟನ್ ಮಾರ್ವೆಲ್' ಸಿನಿಮಾ ಆಗಿನ್ನೂ ಥಿಯೇಟರಿಗೇ ಬಂದಿರಲಿಲ್ಲ, ಅಷ್ಟರಲ್ಲೇ ಅದರ ಮೇಲೆ ಉಗಿದು ಮುಗಿಸಿದ್ದರು. 2021ರ ನವೆಂಬರಿನಲ್ಲಿ ಯೂಟ್ಯೂಬ್ ಡಿಸ್‌ಲೈಕಿನ ಲೆಕ್ಕವನ್ನು ಮುಚ್ಚಿಟ್ಟಿತು. ಬಟನ್ ಇದೆ, ಒತ್ತಬಹುದು, ಎಷ್ಟು ಜನ ಒತ್ತಿದರು ಅನ್ನುವುದು ಮಾತ್ರ ಕಾಣುವುದಿಲ್ಲ. ಎಂಥ ಅನ್ಯಾಯ! ಲೆಕ್ಕ ಕಾಣದಿದ್ದರೆ ಒತ್ತಿದ ಸುಖವೆಲ್ಲಿ ಬಂತು?

ಹಾಗಂತ ಹೊಗಳುವವರೇನೂ ಕಮ್ಮಿಯಿಲ್ಲ. ಅವರೂ ನೋಡಿರುವುದಿಲ್ಲ. ಎದುರಿನವರು ಹತ್ತಕ್ಕೆ ಒಂದು ಕೊಟ್ಟರಲ್ಲ, ಅದಕ್ಕೆ ಇವರು ಹತ್ತು. 'ಪರವಾಗಿಲ್ಲ, ಮಧ್ಯೆ ಸ್ವಲ್ಪ ಎಳೆದಿದ್ದಾರೆ, ಆ ಎರಡನೇ ಹುಡುಗಿ ಚೆನ್ನಾಗಿ ಮಾಡಿದ್ದಾಳೆ' ಅಂತ ಆರು ಅಂಕ ಕೊಡುವ ಮನುಷ್ಯ ಎಲ್ಲಿ ಹೋದ? ಅವನು ಕೂತು ಸಿನಿಮಾ ನೋಡುತ್ತಿದ್ದ. ಎಡವಿದ್ದು ಅಲ್ಲೇ.

ದುಡ್ಡಿಲ್ಲದ ನಿರ್ದೇಶಕ ಜಗಳವನ್ನೇ ಯಾಕೆ ಆರಿಸಿಕೊಳ್ಳುತ್ತಾನೆ ಅಂದರೆ, ಅದು ಪುಕ್ಕಟೆ. ಕಾರು ಉಡಾಯಿಸಲು ದುಡ್ಡು ಬೇಕು, ವಾದ ಮಾಡಲು ಬಾಯಿ ಸಾಕು. 1994ರಲ್ಲಿ ತೆರೆಗೆ ಬಂದ, ಅಮೆರಿಕದ ನಿರ್ದೇಶಕ ಕೆವಿನ್ ಸ್ಮಿತ್‌ನ 'ಕ್ಲರ್ಕ್ಸ್' ಹಾಗೇ ಆದದ್ದು. ಖರ್ಚು 27,575 ಡಾಲರ್. ಕೂಡಿಟ್ಟ ಕಾಮಿಕ್ಸ್ ಮಾರಿ, ಕ್ರೆಡಿಟ್ ಕಾರ್ಡುಗಳನ್ನು ಉಜ್ಜಿ ಉಜ್ಜಿ ಹೊಂದಿಸಿದ ದುಡ್ಡು. ಹಗಲು ತಾನು ಕೆಲಸ ಮಾಡುತ್ತಿದ್ದ ನ್ಯೂಜೆರ್ಸಿಯ ಅಂಗಡಿಯಲ್ಲೇ ರಾತ್ರಿ ಶೂಟಿಂಗ್. ಕಥೆಯೋ ಹಗಲಿನದು. ಕಿಟಕಿಯಲ್ಲಿ ಕತ್ತಲೆ ಕಂಡರೆ ಕೆಟ್ಟಿತು. ಅದಕ್ಕೆ ಕಥೆಯಲ್ಲೇ ಒಂದು ಉಪಾಯ ಹೂಡಿದ: ಶಟರಿನ ಬೀಗಕ್ಕೆ ಯಾರೋ ಚ್ಯೂಯಿಂಗ್ ಗಮ್ ತುರುಕಿದ್ದಾರೆ, ಶಟರ್ ಎತ್ತಲು ಬರುತ್ತಿಲ್ಲ. ಸಿನಿಮಾದ ತುಂಬ ಬರೀ ಮಾತು. ಆ ಮಾತಿಗೇ ಅಲ್ಲಿನ ರೇಟಿಂಗ್ ಮಂಡಳಿ ಚಿಕ್ಕವರು ಒಳಗೇ ಬರುವಂತಿಲ್ಲ ಅನ್ನುವ ಎನ್‌ಸಿ-17 ಒತ್ತಿತ್ತು, ಮೇಲ್ಮನವಿ ಹಾಕಿ, ದೊಡ್ಡವರ ಜೊತೆ ಬರಬಹುದು ಅನ್ನುವ ಆರ್ ಮಾಡಿಸಿಕೊಂಡರು.

ಅದರಲ್ಲೊಂದು ವಾದ ಬರುತ್ತದೆ, ನನಗೆ ಬಹಳ ಇಷ್ಟ. ಸ್ಟಾರ್ ವಾರ್ಸ್‌ನ ಎರಡನೇ ಡೆತ್ ಸ್ಟಾರ್, ಅಂದರೆ ಖಳರ ದೈತ್ಯ ಬಾಹ್ಯಾಕಾಶ ಕೋಟೆ, ಸಿಡಿದಾಗ ಅದಿನ್ನೂ ಪೂರ್ತಿ ಕಟ್ಟಿ ಮುಗಿದಿರಲಿಲ್ಲ. ಅಂದಮೇಲೆ ಒಳಗೆ ಪ್ಲಂಬರುಗಳು, ಛಾವಣಿ ಹೊದಿಸುವವರು, ಕಂಟ್ರಾಕ್ಟಿನ ಮೇಲೆ ಬಂದವರು ಎಲ್ಲ ಇದ್ದಿರಬೇಕಲ್ವಾ? ಅವರೇನು ಪಾಪ ಮಾಡಿದ್ದರು? ಇಬ್ಬರು ಹುಡುಗರು ಭಾರೀ ಗಂಭೀರವಾಗಿ ಇದನ್ನು ಚರ್ಚೆ ಮಾಡುತ್ತಿರುವಾಗ, ಅಂಗಡಿಗೆ ಬಂದ ಗಿರಾಕಿಯೊಬ್ಬ ಮಧ್ಯೆ ಬಾಯಿ ಹಾಕುತ್ತಾನೆ. ಅವನದ್ದು ನಿಜಕ್ಕೂ ಛಾವಣಿ ಕೆಲಸ. ಒಬ್ಬ ಗ್ಯಾಂಗ್‌ಸ್ಟರ್‌ನ ಮನೆ ಕೆಲಸವನ್ನು ತಾನು ಬೇಡ ಅಂದದ್ದು, ಅದನ್ನು ಒಪ್ಪಿಕೊಂಡ ಗೆಳೆಯ ಗುಂಡೇಟು ತಿಂದದ್ದು ಹೇಳುತ್ತಾನೆ. ಕೆಲಸ ಹಿಡಿಯುವ ಮೊದಲು ಯಾರಿಗಾಗಿ ಮಾಡುತ್ತಿದ್ದೀವಿ ಅಂತ ನೋಡಿಕೊಳ್ಳಬೇಕಪ್ಪಾ ಅನ್ನುವುದು ಅವನ ವಾದ. ಹುಡುಗರು ಕೇಳಿಸಿಕೊಳ್ಳುತ್ತಾರೆ. ಅವನು ಹೊರಡುತ್ತಾನೆ. ಅಷ್ಟೇ! ಯಾರೂ ಯಾರ ಅಮ್ಮನನ್ನೂ ಮಧ್ಯೆ ಎಳೆಯಲಿಲ್ಲ. ಗಿರಾಕಿಯ ಹಳೇ ಫೋಟೋ ಕೆದಕಿ ಇವನು ಯಾವ ಕಡೆಯವನು ಅಂತ ಪತ್ತೆ ಹಚ್ಚಲಿಲ್ಲ. ಛಾವಣಿ ಕಾರ್ಮಿಕರ ಭಾವನೆಗೆ ಧಕ್ಕೆ ಆಯಿತು ಅಂತ ಯಾರೂ ಕ್ಷಮೆ ಕೇಳಿಸಲಿಲ್ಲ. ಈಗ ಹೀಗೆ ತೋರಿಸಿದರೆ ಯಾರು ನಂಬುತ್ತಾರೆ?

ಇದೇ ಸ್ಮಿತ್ 1999ರಲ್ಲಿ ಕ್ಯಾಥೊಲಿಕ್ ಧರ್ಮವನ್ನಿಟ್ಟುಕೊಂಡು ತಮಾಷೆ ಮಾಡುವ 'ಡಾಗ್ಮಾ' ಸಿನಿಮಾ ಮಾಡಿದಾಗ ಕ್ಯಾಥೊಲಿಕ್ ಸಂಘಟನೆಯವರು ಬೀದಿಗಿಳಿದರು. ನ್ಯೂಜೆರ್ಸಿಯಲ್ಲೇ ಒಂದು ಥಿಯೇಟರ್ ಮುಂದೆ ಪ್ರತಿಭಟನೆ ಅಂತ ಗೊತ್ತಾದದ್ದೇ ತಡ, ಪುಣ್ಯಾತ್ಮ ತಾನೂ ಒಂದು ಫಲಕ ಹಿಡಿದುಕೊಂಡು ಹೋಗಿ, ತನ್ನ ಸಿನಿಮಾವನ್ನೇ ಧಿಕ್ಕರಿಸುವವರ ಜೊತೆ ನಿಂತ. ಟಿವಿಯವರು ಬಂದು ಮಾತಾಡಿಸಿದರೂ ತಾನು ಯಾರು ಅಂತ ಒಪ್ಪಿಕೊಳ್ಳಲಿಲ್ಲ. ಆ ಗುಂಪಿನಲ್ಲಿ ಸಿನಿಮಾವನ್ನು ಪೂರ್ತಿ ನೋಡಿದ್ದವನು ಬಹುಶಃ ಅವನೊಬ್ಬನೇ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದೇ 1999ರಲ್ಲಿ ಸ್ಟಾರ್ ವಾರ್ಸ್‌ನ ಜಾರ್ ಜಾರ್ ಬಿಂಕ್ಸ್ ಪಾತ್ರ ಮಾಡಿದ ಅಹ್ಮದ್ ಬೆಸ್ಟ್, ಆಗ ಬಿದ್ದ ಬೈಗುಳಕ್ಕೆ ತಾನು ಸಾಯುವ ಯೋಚನೆಯವರೆಗೂ ಹೋಗಿದ್ದೆ ಅಂತ ಬಾಯಿಬಿಟ್ಟಿದ್ದು 2018ರಲ್ಲಿ. ಅದೇ ವರ್ಷ, ಇನ್ನೊಂದು ಸ್ಟಾರ್ ವಾರ್ಸ್‌ನಲ್ಲಿ ನಟಿಸಿದ್ದ ಕೆಲ್ಲಿ ಮೇರಿ ಟ್ರಾನ್ ಇನ್‌ಸ್ಟಾಗ್ರಾಮಿನ ಪೋಸ್ಟುಗಳನ್ನೆಲ್ಲ ಅಳಿಸಿಹಾಕಿದರು. ತಿಂಗಳುಗಟ್ಟಲೆ ಅವರ ಮುಖದ ಬಗ್ಗೆ, ಮೈಯ ಬಗ್ಗೆ, ಹುಟ್ಟಿನ ಬಗ್ಗೆ ಬರೆದವರೆಲ್ಲ ಅಭಿಮಾನಿಗಳೇ. ಇವರಿಬ್ಬರ ಬೆನ್ನಿಗೆ ದೊಡ್ಡ ಕಂಪನಿಗಳಾದರೂ ಇದ್ದವು. ಸಣ್ಣ ಸಿನಿಮಾದ ನಟಿಯ ಬೆನ್ನಿಗೆ ಯಾರಿದ್ದಾರೆ? ಬಟ್ಟೆ ಮನೆಯಿಂದ ತಂದಿರುತ್ತಾಳೆ. ಸಂಭಾವನೆ ಬಂದರೆ ಬಂತು. ರಾತ್ರಿ ಕೂತು ಆ ಹೊಲಸು ಕಾಮೆಂಟುಗಳನ್ನು ಓದುವವಳೂ ಅವಳೇ, ಅಳಿಸುವವಳೂ ಅವಳೇ. ಸಾಕು ಮಾಡಿ ಮಾರಾಯರೇ. ಧರ್ಮದ ವಿಷಯಕ್ಕೆ, ಬಣ್ಣದ ವಿಷಯಕ್ಕೆ ಸಿಟ್ಟು ಬರುತ್ತದಾ, ಬರಲಿ. ಶೂಟಿಂಗಿನಲ್ಲಿ ಮೈಕ್ ಹಿಡಿದು ನಿಂತ ಹುಡುಗ ನಿಮಗೇನು ಮಾಡಿದ್ದ? ನನಗೂ ಹೇಳಿ ಹೇಳಿ ಬೇಜಾರಾಗಿದೆ.

ಇರಲಿ. ಸಿನಿಮಾ ಹೇಗೋ ಬಿಡುಗಡೆ ಆಗುತ್ತದೆ. ಬೈದವರೂ ಬರುವುದಿಲ್ಲ, ಹೊಗಳಿದವರೂ ಬರುವುದಿಲ್ಲ. ಅವರು ಅಷ್ಟರಲ್ಲಿ ಮುಂದಿನ ಟ್ರೇಲರಿಗೆ ಹೊರಟು ಹೋಗಿರುತ್ತಾರೆ. ಹತ್ತಕ್ಕೆ ಹತ್ತು ಕೊಟ್ಟವನೊಬ್ಬನನ್ನು ತಡೆದು, ಕೊನೆಗೆ ಏನಾಗುತ್ತೆ, ರೂಮಿನಲ್ಲಿದ್ದ ಆ ನಾಲ್ವರು ರಾಜಿ ಆಗುತ್ತಾರಾ ಅಂತ ಕೇಳಿ ನೋಡಿ. ಮುಖ ಸಿಂಡರಿಸಿಕೊಂಡು ಹೇಳುತ್ತಾನೆ: "ಸ್ಪಾಯ್ಲರ್ ಬೇಡ ಸಾರ್, ನಾನಿನ್ನೂ ನೋಡಿಲ್ಲ."